ಮಗ್ಗದ ಸದ್ದಿನಲ್ಲಿ ಪಿಟೀಲು

ಅಥವಾ ಆ ದಿನ ಕರೆಂಟೇ ಹೋಗಿತ್ತೋ ಏನೋ. ಅಕ್ಕ ಹಾಗೆಯೇ ಹೇಳುತ್ತಾಳೆ. ನನಗೆ ನೆನಪಿರುವುದು ಬೇರೆ: ಅಪ್ಪ ಎದ್ದು ಹೋಗಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚಿನ ಹಿಡಿಯನ್ನು ಕೈಯಾರೆ ಕೆಳಗೆ ಎಳೆದರು, ನಾಲ್ಕೂ ಮಗ್ಗಗಳು ಒಂದರ ಹಿಂದೆ ಒಂದು ನಿಂತವು. ಹಿಡಿಗೆ ಸುತ್ತಿದ್ದ ಕಪ್ಪು ಟೇಪು, ಅದರ ತುದಿ ಬಿಚ್ಚಿ ಜೋತುಬಿದ್ದದ್ದು, ಎಲ್ಲ ಕಣ್ಣ ಮುಂದಿದೆ. ಆದರೆ ಆ ಟೇಪನ್ನು ನಾನು ದಿನಾ ನೋಡುತ್ತಿದ್ದೆ. ದಿನಾ ನೋಡಿದ್ದನ್ನು ತಂದು ಒಂದು ಮಧ್ಯಾಹ್ನಕ್ಕೆ ಅಂಟಿಸುವುದು ನೆನಪಿಗೆ ಕಷ್ಟದ ಕೆಲಸವೇನಲ್ಲ. ಹೋದ ವಾರ ಫೋನಿನಲ್ಲಿ ಇದೇ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಯಿತು.

“ಕರೆಂಟ್ ಹೋಯ್ತು ಕಣೇ. ಪಕ್ಕದ್ಮನೇಲೂ ಹೋಗಿದ್ಯಾ ಅಂತ ನಾನೇ ಎದ್ದೋಗಿ ನೋಡ್ಕೊಂಡ್ ಬಂದೆ.”

“ನೀನು ಯಾವತ್ತು ಎದ್ದೋಗಿ ಏನ್ ನೋಡಿದ್ದೆ? ಕೂತ್ಕಡೆಯಿಂದ ನನ್ನ ಕಳಿಸ್ತಿದ್ದೆ.”

“ಸರಿ, ನಿನ್ನೇ ಕಳಿಸ್ದೆ ಅಂತ ಇಟ್ಕೋ. ಕರೆಂಟಂತೂ ಹೋಗಿತ್ತು.”

ಯಾರದು ಸರಿ ಎನ್ನುವುದು ಸಣ್ಣ ವಿಷಯದಂತೆ ಕಾಣುತ್ತದೆ. ನನಗೆ ಸಣ್ಣದಲ್ಲ. ಕರೆಂಟ್ ಹೋಗಿ ಮಗ್ಗ ನಿಂತಿದ್ದರೆ ಆವತ್ತು ನಡೆದದ್ದಕ್ಕೆ ಯಾರೂ ಹೊಣೆಯಲ್ಲ. ಅಪ್ಪನೇ ನಿಲ್ಲಿಸಿದ್ದರೆ, ನಮ್ಮ ಪಿಟೀಲು ಮೇಷ್ಟ್ರನ್ನು ಪರೀಕ್ಷೆ ಮಾಡುವುದಕ್ಕೆ ನಿಲ್ಲಿಸಿದರು. ಹಾಗೆ ಪರೀಕ್ಷೆ ಮಾಡಬೇಕೆಂದು ಅವರಿಗೆ ಹೊಳೆಯುವಂತೆ ಬಾಯಿ ಬಿಟ್ಟವಳು ನಾನು.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ಬಾಗಿಲು ತೆಗೆದರೆ ಮೊದಲು ಸಿಗುತ್ತಿದ್ದದ್ದು ನಾಲ್ಕು ಪವರ್‌ಲೂಮು, ಅವುಗಳ ನಡುವೆ ಒಬ್ಬರು ಓರೆಯಾಗಿ ನಡೆದುಹೋಗುವಷ್ಟು ದಾರಿ, ಆಮೇಲೆ ನಡುಮನೆ, ಅದರಾಚೆ ಅಡುಗೆಮನೆ, ಕೊನೆಗೆ ತುಳಸಿಕಟ್ಟೆಯ ಹಿತ್ತಲು. ಬೆಳಿಗ್ಗೆ ಏಳಕ್ಕೆ ಶುರುವಾದ ಸದ್ದು ಸಂಜೆಯವರೆಗೂ ಬಿಡುತ್ತಿರಲಿಲ್ಲ. ಚೊಂಬಿನಲ್ಲಿಟ್ಟ ನೀರಿನ ಮೇಲೆ ಸದಾ ಸಣ್ಣ ಬಳೆಗಳು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ತಮ್ಮಷ್ಟಕ್ಕೆ ಜರುಗಿ ಅಂಚಿಗೆ ಬಂದು ನಿಲ್ಲುತ್ತಿದ್ದವು. ದಿನಕ್ಕೆರಡು ಸಲ ಅವನ್ನು ಹಿಂದಕ್ಕೆ ತಳ್ಳುವುದು ನನ್ನ ಕೆಲಸ. ಹೊರಗಿನವರು ಬಂದರೆ ಅರ್ಧ ಗಂಟೆಯಲ್ಲಿ ಹಣೆ ಒತ್ತಿಕೊಳ್ಳುತ್ತಿದ್ದರು. ನಮಗೆ ಅದು ಸದ್ದೆಂದೇ ಅನ್ನಿಸುತ್ತಿರಲಿಲ್ಲ. ಅದು ನಿಂತಾಗ ಮಾತ್ರ ಏನೋ ಆಯಿತೆಂದು ತಲೆ ಎತ್ತುತ್ತಿದ್ದೆವು. ಇಂಥ ಮನೆಯಲ್ಲಿ ಹುಟ್ಟಿದವರಿಗೆ ತುಟಿ ನೋಡಿ ಮಾತು ತಿಳಿಯುವುದು ನಡೆದಾಡುವುದರ ಜೊತೆಗೇ ಬಂದುಬಿಡುತ್ತದೆ. ಅಪ್ಪ ಮಗ್ಗದ ಬಳಿ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ, ಇಬ್ಬರೂ ದನಿ ತೆಗೆಯದೆ ಮಾತಾಡುತ್ತಿದ್ದರು. ಅವರ ಜಗಳವನ್ನು ನಾವು ಕೇಳಿದ್ದಕ್ಕಿಂತ ನೋಡಿದ್ದು ಹೆಚ್ಚು. ಅಮ್ಮನಿಗೆ ಸಾಕೆನಿಸಿದರೆ ಬೆನ್ನು ತಿರುಗಿಸುತ್ತಿದ್ದಳು, ಅಲ್ಲಿಗೆ ಜಗಳ ಮುಗಿಯಿತು. ಆಮೇಲೆ ಅಪ್ಪ ಏನಂದರೂ ಅದು ಗೋಡೆಗೆ ಅಂದ ಹಾಗೆ. ಗುಟ್ಟು ಹೇಳುವಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಕು ಎನ್ನುವುದು ನಮ್ಮ ಮನೆಯ ಕಟ್ಟಳೆ. ದನಿ ಇಳಿಸಿದರೆ ಏನೂ ಪ್ರಯೋಜನವಿರಲಿಲ್ಲ.

ಪಿಟೀಲು ಈ ಮನೆಗೆ ಹೇಗೆ ಬಂತು ಎನ್ನುವುದಕ್ಕೂ ಎರಡು ಕತೆ ಇವೆ, ಎರಡೂ ಅಪ್ಪನವೇ. ಅಕ್ಕನಿಗೆ ಸಂಗೀತದ ಕಿವಿಯಿದೆ ಎಂದು ಸ್ಕೂಲಿನಲ್ಲಿ ಯಾರೋ ಹೇಳಿದರಂತೆ. ಅಥವಾ, ಅಪ್ಪ ಹುಡುಗನಾಗಿದ್ದಾಗ ಹರಿಕಥೆಯಲ್ಲಿ ಪಿಟೀಲು ಕೇಳಿ ತಮಗೂ ಬೇಕೆಂದು ಅತ್ತು ಒದೆ ತಿಂದಿದ್ದರಂತೆ. ಅಂತೂ ನೂಲಿನ ಬಂಡಲು ಬರುವ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ಪಿಟೀಲು ಬಂತು, ಅದರ ಹಿಂದೆಯೇ ಗೋವಿಂದಪ್ಪ ಮೇಷ್ಟ್ರು ಬಂದರು. ಆಮೇಲೆ ನನಗೂ ಒಂದು ಬಂದು, ಅಕ್ಕನ ಜೊತೆ ನಾನೂ ಕಲಿಯಲು ಕೂತೆ. ಅವರು ಪ್ರಾಯದಲ್ಲಿ ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಹರಿಕಥೆಗೆ ಪಿಟೀಲು ನುಡಿಸುತ್ತಿದ್ದವರು. ಹರಿಕಥೆಗಳು ಕಡಿಮೆಯಾದ ಮೇಲೆ ಊರು ಬಿಟ್ಟು ಇಲ್ಲಿಗೆ ಬಂದು, ಯಾರುಯಾರದೋ ಶೆಡ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಮಗ್ಗ ಓಡಿಸಿ, ಬೆನ್ನು ನೋವೆಂದು ಅದನ್ನೂ ಬಿಟ್ಟು, ಮನೆಮನೆಗೆ ಹೋಗಿ ಪಾಠ ಹೇಳುತ್ತಿದ್ದರು. ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕೂವರೆಗೆ ಸೈಕಲ್ ಬರುತ್ತಿತ್ತು. ಹಿಂದಿನ ಕ್ಯಾರಿಯರ್‌ನಲ್ಲಿ ಅವರ ಪಿಟೀಲು, ಅದಕ್ಕೆ ಕೆಟ್ಟುಹೋದ ಸೀರೆಯ ಬಟ್ಟೆಯಲ್ಲಿ ಹೊಲಿದ ಜರಿ ಅಂಚಿನ ಗವಸು. ಮದುವಣಗಿತ್ತಿಯನ್ನು ಕೂರಿಸಿಕೊಂಡು ಬಂದ ಹಾಗೆ ಕಾಣುತ್ತಿತ್ತು. ನಮ್ಮ ಮಗ್ಗದ ಮುನಿರಾಜು ಅವರನ್ನು ಕಂಡರೆ ಲಾಳಿಯನ್ನು ಹಣೆಗೆ ಮುಟ್ಟಿಸಿ ನಮಸ್ಕಾರ ಮಾಡುತ್ತಿದ್ದ.

“ಮೇಷ್ಟ್ರೇ, ನಿಮ್ ಪಿಟೀಲ್‌ಗೆ ನನ್ ಮಗ್ಗ ತಾಳ ಹಾಕ್ತಾ ಐತೆ. ನಂಗೂ ಒಂದು ಶಾಲು ಹೊದಿಸ್ಬೇಕು.”

“ನಿನ್ ತಾಳ ಸರಿಯಾಗೈತೆ ಕಣಪ್ಪಾ, ನೀನು ಮಧ್ಯದಲ್ಲಿ ಬೀಡಿ ಸೇದಕ್ಕೆ ಹೋಗ್ಬೇಡ ಅಷ್ಟೆ.”

ಅವರ ಪಾಠದ ಕ್ರಮವನ್ನು ಬೇರೆ ಯಾರಲ್ಲೂ ನಾನು ಕಂಡಿಲ್ಲ. ಮೊದಲ ಒಂದು ತಿಂಗಳು ಕಮಾನು ಮುಟ್ಟುವಂತಿರಲಿಲ್ಲ. ಅದು ಗೋಡೆಯ ಮೊಳೆಗೆ ನೇತುಬಿದ್ದಿರುತ್ತಿತ್ತು. ಮರದ ಹಲಗೆಯ ಮೇಲೆ ಕಾಲು ಮಡಿಸಿ ಕೂತು, ಪಿಟೀಲಿನ ತಲೆಯನ್ನು ಬಲಪಾದದ ಗಿಣ್ಣಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಎದೆಗೆ ಆನಿಸಿ, ಬೆರಳಿನಿಂದ ಒಂದೊಂದೇ ತಂತಿ ಮೀಟಬೇಕು. ಮೀಟಿದ ಮೇಲೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

“ಎಲ್ಲಿಗೆ ಬಂತು?”

ಎಲ್ಲಿಗೆ ಎಂದರೆ ಮೈಯಲ್ಲಿ ಎಲ್ಲಿಗೆ. ಕೆಳಗಿನ ಷಡ್ಜ ಕಾಲಿನ ಗಿಣ್ಣಿಗೆ ಬರಬೇಕು, ಪಂಚಮ ಎದೆಮೂಳೆಗೆ, ಮೇಲಿನ ಷಡ್ಜ ಹಲ್ಲಿಗೆ. ನನಗೆ ಮೊದಮೊದಲು ಎಲ್ಲಿಗೂ ಬರುತ್ತಿರಲಿಲ್ಲ. ಏನಾದರೊಂದು ಹೇಳಬೇಕಲ್ಲ ಎಂದು ಮೊಣಕಾಲು ಮುಟ್ಟಿ ತೋರಿಸುತ್ತಿದ್ದೆ.

“ಮೊಣಕಾಲಿಗೆ ಯಾಕಮ್ಮಾ ಹೋಗತ್ತೆ? ಅಲ್ಲೇನು ಕೆಲಸ ಅದಕ್ಕೆ? ಕಿವೀನ ನಂಬಬೇಡ ಪದ್ದಮ್ಮ. ಈ ಮನೇಲಿ ಕಿವಿಗೆ ಬಿಡುವಿಲ್ಲ. ಮೂಳೆ ಪುರುಸೊತ್ತಾಗೈತೆ, ಅದನ್ನ ಕೇಳು.”

ತಂತಿ ಶ್ರುತಿ ಮಾಡುವಾಗ ಅವರು ಪಿಟೀಲಿನ ತಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಕಚ್ಚಿಕೊಂಡೇ ಬಿರಡೆ ತಿರುಗಿಸುತ್ತಿದ್ದರು, ಕಣ್ಣು ಮುಚ್ಚಿರುತ್ತಿತ್ತು. ಅಮ್ಮನಿಗೆ ಇದೊಂದು ಸಂಕಟ. ಅವರು ಹೋದ ಕೂಡಲೇ ಒದ್ದೆ ಬಟ್ಟೆ ತಂದು, “ಸರಸ್ವತೀನ ಎಂಜಲು ಮಾಡ್ತಾರಲ್ಲ ಇವರು,” ಎಂದು ಗೊಣಗುತ್ತ ಪಿಟೀಲಿನ ತಲೆ ಒರೆಸುತ್ತಿದ್ದಳು. ಕಮಾನು ಕೈಗೆ ಬಂದ ಮೇಲೆ ಕಾಗದದ ಆಟ ಶುರುವಾಯಿತು. ಕ್ಯಾಲೆಂಡರಿನ ಕಾಗದದಿಂದ ಉಗುರಿನಷ್ಟಗಲದ ಚೂರು ಹರಿದು, ನಡುವೆ ಮಡಿಸಿ, ತಮ್ಮ ಪಿಟೀಲಿನ ತಂತಿಯ ಮೇಲೆ ಕುದುರೆ ಹತ್ತಿಸಿದ ಹಾಗೆ ಕೂರಿಸುತ್ತಿದ್ದರು. ಅವರ ಪಿಟೀಲು ಹಲಗೆಯ ಮೇಲೆ ಮಲಗಿರುತ್ತಿತ್ತು, ನಾನು ಅದೇ ಹಲಗೆಯ ಮೇಲೆ ಕೂತು ನನ್ನದರಲ್ಲಿ ಷಡ್ಜ ಎಳೆಯಬೇಕು. ಮಗ್ಗದ ಅದುರಿಗೆ ಆ ಕಾಗದ ಹೇಗೂ ನಡುಗುತ್ತಲೇ ಇರುತ್ತಿತ್ತು. ನನ್ನ ಸ್ವರ ಅವರ ತಂತಿಯ ಸ್ವರಕ್ಕೆ ಸರಿಯಾಗಿ ಬಿದ್ದ ಗಳಿಗೆಯಲ್ಲಿ ಮಾತ್ರ, ಯಾರೂ ಮುಟ್ಟದೆ, ತಾನಾಗಿ ಹಾರಿ ಕೆಳಗೆ ಬೀಳುತ್ತಿತ್ತು. ಅದೇ ಅವರ ಶಭಾಷ್. ಬಾಯಲ್ಲಿ ಹೊಗಳಿದ್ದು ನನಗೆ ನೆನಪಿಲ್ಲ. ಉಳಿದ ಹೊತ್ತು ಅವರ ಎರಡು ಬೆರಳು ನನ್ನ ಪಿಟೀಲಿನ ಬೆನ್ನಿಗೆ ತಾಗಿಕೊಂಡಿರುತ್ತಿದ್ದವು. ತಪ್ಪಿದರೆ ಒಂದು ತಟ್ಟು, ಸರಿಯಿದ್ದರೆ ಏನೂ ಇಲ್ಲ. ಕಮಾನನ್ನು ಹಗುರವಾಗಿ, ಮೂಳೆಗೆ ಗೊತ್ತಾಗುವಷ್ಟು ಮಾತ್ರ ಒತ್ತಿ, ಉದ್ದಕ್ಕೆ ಎಳೆಯುವುದನ್ನು ನಾನು ಆ ಎರಡು ಬೆರಳಿನಿಂದ ಕಲಿತೆ. ಈಗ ನಾನೂ ಇದೇ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಕ್ಕಳು ಫೋನಿನಲ್ಲಿ ಒಂದು ಆ್ಯಪ್ ಇಟ್ಟುಕೊಂಡು ಬರುತ್ತಾರೆ. ಸ್ವರ ಸರಿಯಾದರೆ ಹಸಿರು ದೀಪ. ನಾನು ಬೇಡವೆನ್ನುವುದಿಲ್ಲ, ಅದೂ ಕಾಗದದ ಚೂರೇ. ಆದರೆ ಮೊದಲ ತಿಂಗಳು ಕಮಾನು ಕೊಡುವುದಿಲ್ಲ. “ಮೇಡಂ, ಒಂದು ತಿಂಗಳಾಯ್ತು, ಇನ್ನೂ ಕಾಲು ಮುಟ್ಕೊಂಡು ಕೂತಿದಾನೆ,” ಎಂದು ತಾಯಂದಿರು ಬಂದು ದೂರುತ್ತಾರೆ.

ಮೇಷ್ಟ್ರಿಗೆ ಎರಡು ನೇಮಗಳಿದ್ದವು. ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ, ಆವತ್ತು ಅವರು ಬರುತ್ತಿರಲಿಲ್ಲ. ಅಮಾವಾಸ್ಯೆಗೆ ಪಾಠ ಒಳ್ಳೆಯದಲ್ಲ ಎನ್ನುತ್ತಿದ್ದರು. ಇನ್ನೊಂದು, ಪಾಠದ ನಡುವೆ ಕರೆಂಟ್ ಹೋಗಿ ಮಗ್ಗ ನಿಂತರೆ ಕೂಡಲೇ ಕಮಾನು ಕೆಳಗಿಡಿಸಿ, ಕಾಫಿ ಕೇಳಿ, ಹರಿಕಥೆಯ ದಿನಗಳ ಕತೆ ಶುರುಮಾಡುತ್ತಿದ್ದರು. ಸಮೇತನಹಳ್ಳಿಯಲ್ಲಿ ದಾಸರ ಗಂಟಲು ಕಟ್ಟಿಹೋಗಿ, ಅರ್ಧ ಕತೆಯನ್ನು ತಾವೊಬ್ಬರೇ ಪಿಟೀಲಿನಲ್ಲಿ ಹೇಳಿ ಮುಗಿಸಿದ್ದು ಅವರ ಮೆಚ್ಚಿನ ಕತೆ. ಜನ ಅತ್ತರಾ ಎಂದು ಅಕ್ಕ ಕೇಳಿದಳೆಂದು ಕಾಣುತ್ತದೆ. “ಅಳದೇ ಏನು? ಎಲ್ಲಿ ಅಳಬೇಕು ಅಂತ ಅವರಿಗೆ ನನಗಿಂತ ಮುಂಚೆ ಗೊತ್ತಿತ್ತು,” ಎಂದಿದ್ದರು. ಕರೆಂಟ್ ಬರುವವರೆಗೆ ಕತೆ ನಿಲ್ಲುತ್ತಿರಲಿಲ್ಲ, ನಡುವೆ ಉಸಿರಾಡಲೂ ಪುರುಸೊತ್ತು ಕೊಡುತ್ತಿರಲಿಲ್ಲ. ನಮಗೆ ಅದು ಸಂಭ್ರಮ. ಪಾಠ ತಪ್ಪಿತಲ್ಲ.

ಅಂಥದೊಂದು ಸಂಜೆ ಅವರು ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗಿ ತುಳಸಿಕಟ್ಟೆಯ ಕಡೆ ಮುಖ ಮಾಡಿ ನಿಂತಿದ್ದರು. ನಾನು ಹಿಂದೆ ಹೋಗಿ, ಯಾಕೋ, ತಮಾಷೆಗೆ, “ಮೇಷ್ಟ್ರೇ, ನಿಮ್ ಪಂಚೆ ಹರಿದಿದೆ,” ಎಂದೆ. ಅವರು ತಿರುಗಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಕಾಫಿ ಆರಿಸಿಕೊಳ್ಳುತ್ತಲೇ ಇದ್ದರು. ಆಗ ನಾನು, “ಮೇಷ್ಟ್ರೇ, ಹಾವು!” ಎಂದು ಕಿರುಚಿದೆ. ಗೋಡೆಯ ಮೇಲಿದ್ದ ಕಾಗೆ ಹಾರಿಹೋಯಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ಮೇಷ್ಟ್ರು ಒಂದು ಗುಟುಕು ಕುಡಿದು, ಲೋಟದೊಳಗೆ ನೋಡಿ, ಇನ್ನೊಂದು ಗುಟುಕು ಕುಡಿದರು. ಅಮ್ಮ ನನ್ನ ಕಿವಿ ಹಿಡಿದು ಒಳಗೆ ಎಳೆದುಕೊಂಡು ಹೋದಳು.

“ದೊಡ್ಡೋರ ಬೆನ್ನ ಹಿಂದೆ ಕಿರುಚ್ತೀಯಾ? ಏನಾದ್ರೂ ಹೇಳ್ಬೇಕಿದ್ರೆ ಎದುರಿಗೆ ಹೋಗಿ ಹೇಳು.”

ಅದು ಮರ್ಯಾದೆಯ ಪಾಠವೆಂದು ಆಗ ತಿಳಿದುಕೊಂಡೆ. ಮನೆಯವರನ್ನೆಲ್ಲ ಅಡುಗೆಮನೆಯಿಂದಲೇ ಕೂಗುತ್ತಿದ್ದ ಅಮ್ಮ, ಮೇಷ್ಟ್ರಿಗೆ ಮಾತ್ರ ಎದುರಿಗೆ ಬಂದು, ಹಲಗೆಯ ಮೇಲೆ ಲೋಟವನ್ನು ಟಕ್ಕೆಂದು ಇಟ್ಟು, ಅವರು ತಲೆ ಎತ್ತಿದ ಮೇಲೆ “ಕಾಫಿ” ಎನ್ನುತ್ತಿದ್ದಳು. ಇದು ನಿಜವಾಗಿ ನಡೆಯುತ್ತಿತ್ತೋ, ಅಥವಾ ಆಮೇಲೆ ಎಲ್ಲ ತಿಳಿದ ಮೇಲೆ ನಾನೇ ಅಮ್ಮನ ಕೈಗೆ ಆ ಲೋಟ ಕೊಟ್ಟೆನೋ, ಆಣೆ ಮಾಡಿ ಹೇಳಲಾರೆ.

ಆವತ್ತಿನ ಊಟದ ಹೊತ್ತಿಗೆ ಕರೆಂಟ್ ಬಂದು, ಹೋದ ಹೊತ್ತನ್ನು ತುಂಬಿಸಲು ಮುನಿರಾಜು ಇನ್ನೂ ಮಗ್ಗ ಓಡಿಸುತ್ತಿದ್ದ. ಮುದ್ದೆ, ಹುರುಳಿಕಾಳಿನ ಸಾರು. ಅಕ್ಕ ನನ್ನ ಎದುರಿಗೆ ಕೂತಿದ್ದಳು. ತಡೆದುಕೊಳ್ಳಲಾಗಲಿಲ್ಲ. ದನಿ ತೆಗೆಯದೆ ಬರೀ ತುಟಿ ಆಡಿಸಿ ಹೇಳಿದೆ: ಮೇಷ್ಟ್ರಿಗೆ ಕಿವಿ ಕೇಳಲ್ಲ. ಬಲಗೈ ಸಾರಿನಲ್ಲಿತ್ತು, ಎಡಗೈಯಲ್ಲಿ ಮಜ್ಜಿಗೆ ಲೋಟ. ಬಾಯಿಗೆ ಕೈ ಅಡ್ಡ ಹಿಡಿಯುವುದು ಮರೆತೇಹೋಯಿತು. ಬೇರೆ ಯಾವ ಮನೆಯಲ್ಲಾದರೂ ಅದು ಗುಟ್ಟಾಗಿಯೇ ಉಳಿಯುತ್ತಿತ್ತು. ನಮ್ಮ ಮನೆಯಲ್ಲಿ ಅದು ಕೂಗಿ ಹೇಳಿದ ಹಾಗೆ. ಅಪ್ಪ ಅಕ್ಕನ ಪಕ್ಕದಲ್ಲೇ ಕೂತಿದ್ದರು. ಅವರು ತಲೆ ಎತ್ತಿದ್ದರೋ, ಮುದ್ದೆ ಮುರಿಯುತ್ತಿದ್ದರೋ ನಾನು ನೋಡಲಿಲ್ಲ. ಅಕ್ಕ ಈಗ ಹೇಳುವುದೇನೆಂದರೆ ನಾನು ಅವಳಿಗೆ ಅಂಥದ್ದೇನೂ ಹೇಳಲೇ ಇಲ್ಲವಂತೆ.

ಹದಿನೈದು ದಿನವೋ ತಿಂಗಳೋ ಕಳೆದ ಮೇಲೆ ಅಕ್ಕನ ಸಂಗೀತದ ಜೂನಿಯರ್ ಪರೀಕ್ಷೆಯ ಮಾತು ಬಂತು. ಪರೀಕ್ಷೆಗೆ ಶಾಸ್ತ್ರ ಬರೆಯಬೇಕು, ಸ್ವರ ಬರೆದು ತೋರಿಸಬೇಕು. ಮೇಷ್ಟ್ರು ಬರೆಸುತ್ತಿರಲಿಲ್ಲ. ಬೆಂಗಳೂರಿನಿಂದ ಒಬ್ಬರು ಮಿಸ್ ರೈಲಿನಲ್ಲಿ ಬಂದು ಮಕ್ಕಳ ಕೈ ನೋಡುತ್ತಾರೆ, ಅವರಿಗೆ ಒಪ್ಪಿಗೆಯಾದರೆ ಇಬ್ಬರಿಗೂ ಅವರ ಪಾಠ ಎಂದು ಅಪ್ಪ ಹೇಳಿದರು. ಇಬ್ಬರಿಗೂ ಎಂದರೆ ಮೇಷ್ಟ್ರು ಇನ್ನು ಬರುವುದಿಲ್ಲ ಎಂದು ಅರ್ಥ. ನಾನು ಆ ವಾರವೆಲ್ಲ ಊಟ ಬಿಡುವ ಬೆದರಿಕೆ ಹಾಕಿದೆ, ಒಂದು ಹೊತ್ತೂ ಬಿಡಲಿಲ್ಲ. ಭಾನುವಾರ ವಿಮಲಾ ಮಿಸ್ ಬಂದರು. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ಚೀಲದಲ್ಲಿ ಕೆಂಪು ನೀಲಿ ಶಾಯಿಯಲ್ಲಿ ಸ್ವರ ಬರೆದ ಪುಸ್ತಕಗಳು ಮತ್ತು ಒಂದು ಶ್ರುತಿಪೆಟ್ಟಿಗೆ. ಪ್ರತಿ ಸ್ವರವನ್ನೂ ಮೊದಲು ಹಾಡಿ, ಆಮೇಲೆ ಬರೆದು, ಆಮೇಲೆ ನುಡಿಸಬೇಕು. ಒಂದು ತಪ್ಪಿದರೆ ಮತ್ತೆ ಮೊದಲಿನಿಂದ. ಇದು ಅವರ ಕ್ರಮ. ಬಾಗಿಲಲ್ಲಿ ಕಾಲಿಟ್ಟವರೇ ಮಗ್ಗದ ಸದ್ದಿಗೆ ಬೆಚ್ಚಿ ಯಾರಿಗೂ ಕೇಳದ ಹಾಗೆ “ಅಯ್ಯೋ ದೇವರೇ, ಇದೆಂಥಾ ಮನೆ” ಎಂದುಕೊಂಡರು. ಕೇಳಿಸಲಿಲ್ಲ, ನಿಜ. ಆದರೆ ನಾವೆಲ್ಲರೂ ಓದಿದೆವು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಪ್ಪ ಮೇಷ್ಟ್ರನ್ನೂ ಬರಹೇಳಿದ್ದರು. ಅವರು ಒಗೆದ ಪಂಚೆ ಉಟ್ಟು, ನಮಗಿಂತ ಮೊದಲೇ ಹಲಗೆಯ ಮೇಲೆ ಕೂತಿದ್ದರು.

ಆಗ ಮಗ್ಗ ನಿಂತವು. ಅಪ್ಪ ನಿಲ್ಲಿಸಿದರು, ಅಥವಾ ಕರೆಂಟ್ ಹೋಯಿತು. ಲೋಟಗಳು ಸುಮ್ಮನಾದವು. ಹಿತ್ತಲಿನ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಅಪ್ಪ ರೂಢಿಯಂತೆ ಗಂಟಲು ಹರಿದುಕೊಂಡರು.

“ಮಿಸ್, ಕಾಫಿ ತಗೊಳ್ಳೀ!”

“ಕೇಳ್ಸುತ್ತೆ ಸರ್,” ಎಂದರು ಮಿಸ್ ಮೆಲ್ಲಗೆ.

ಮೇಷ್ಟ್ರು ಅಂಗೈಯನ್ನು ಹಲಗೆಯ ಮೇಲಿಟ್ಟು ಒಂದು ಗಳಿಗೆ ನೆಲ ನೋಡಿದರು. ಆಮೇಲೆ, ನಾನು ಹೆದರಿದ್ದ ಹಾಗೆಯೇ, “ಸಮೇತನಹಳ್ಳೀಲಿ ಒಂದ್ಸಲ ಏನಾಯ್ತು ಅಂದ್ರೆ,” ಎಂದು ಶುರುಮಾಡಿದರು. ಮಿಸ್ ನಗುತ್ತಲೇ ಪೆಟ್ಟಿಗೆ ತೆಗೆದು, ಅದರ ತಿದಿ ಒತ್ತಲು ಅಕ್ಕನಿಗೆ ಹೇಳಿ, ಮೇಷ್ಟ್ರ ಮುಖ ನೋಡಿ ಕೇಳಿದರು.

“ಸರ್, ಚಿಕ್ಕೋಳ ವಯೊಲಿನ್ನ ಇದಕ್ಕೆ ಶ್ರುತಿ ಸೇರಿಸಿ ಕೊಡ್ತೀರಾ?”

ಮೇಷ್ಟ್ರು ಎರಡು ಕೈಯಲ್ಲೂ ಪಿಟೀಲು ತೆಗೆದುಕೊಂಡರು. ಅವರು ಪೆಟ್ಟಿಗೆಯ ಹತ್ತಿರ ಸರಿದು, “ಒಳ್ಳೇ ಪೆಟ್ಟಿಗೆ ತಾಯಿ. ಹಲಸಿನ ಮರದ್ದೇನು?” ಎನ್ನುತ್ತ ಮರದ ನುಣುಪು ನೋಡುವವರಂತೆ ಅದರ ಮೇಲೆ ಎಡಗೈ ಊರಿದರು. ಊರಿದ ಕೈಯನ್ನು ತೆಗೆಯಲಿಲ್ಲ. ಪಿಟೀಲಿನ ತಲೆ ಕಚ್ಚಿಕೊಂಡರು. ಪಿಟೀಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿ ಬಲಗೈಯಲ್ಲೇ ಮೀಟಿದರು, ಬಿರಡೆ ತಿರುಗಿಸಿದರು, ಮತ್ತೆ ಮೀಟಿದರು. ಎಷ್ಟು ಹೊತ್ತಾಯಿತೋ. ಕೊನೆಗೆ ಕಣ್ಣು ತೆರೆದು ಪಿಟೀಲು ನನ್ನ ಕೈಗೆ ಕೊಟ್ಟರು. ನಾನು ಕಮಾನು ಎಳೆದೆ. ಪೆಟ್ಟಿಗೆಯ ಸ್ವರ ಯಾವುದು, ನನ್ನದು ಯಾವುದು ಎಂದು ಗೊತ್ತಾಗದ ಹಾಗೆ ಸೇರಿತ್ತು. ಇದು ನನ್ನ ನೆನಪು. ಅಕ್ಕನ ನೆನಪಿನಲ್ಲಿ ಮಿಸ್ ಪಿಟೀಲು ಇಸಿದುಕೊಂಡು, ಏನೂ ಅನ್ನದೆ, ಬಿರಡೆಯನ್ನು ಎರಡು ಸಲ ತಿರುಗಿಸಿ ಸರಿಮಾಡಿದ್ದಾರೆ. ತಿದಿ ಒತ್ತುತ್ತಿದ್ದವಳು ಅವಳು, ಹತ್ತಿರದಿಂದ ನೋಡಿದವಳು. ನಾನು ಮೇಷ್ಟ್ರ ಕಡೆಯವಳು.

ನಾನು ಜಂಟಿವರಸೆ ನುಡಿಸಿದೆ, ಅಕ್ಕ ಒಂದು ಗೀತೆ ನುಡಿಸಿದಳು. ಮಿಸ್ ಪುಸ್ತಕದ ಮೇಲೆ ಬಗ್ಗಿ ಏನೋ ಬರೆದುಕೊಳ್ಳುತ್ತ, ತಲೆ ಎತ್ತದೆ ಕೇಳಿದರು.

“ನೀವು ಯಾರ ಹತ್ರ ಕಲಿತಿದ್ದು ಸರ್?”

ಮೇಷ್ಟ್ರು ಉತ್ತರ ಕೊಡಲಿಲ್ಲ. ಮಿಸ್ ತಲೆ ಎತ್ತಿದರು. ಆಗ ಮೇಷ್ಟ್ರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ ನಕ್ಕು, ಎರಡು ಸಲ ಮೆಲ್ಲಗೆ ತಲೆದೂಗಿದರು. ಯಾವ ಪ್ರಶ್ನೆಗೂ ಹೊಂದುವ ತಲೆದೂಗು. ಅದನ್ನು ನಾನು ಎಷ್ಟೋ ಸಲ ನೋಡಿದ್ದೆನೆಂದು ಆ ಗಳಿಗೆಯಲ್ಲಿ ಗೊತ್ತಾಯಿತು. ಅಪ್ಪ ಕಂಬಕ್ಕೆ ಒರಗಿ ನೋಡುತ್ತಿದ್ದರು. ಅಷ್ಟರಲ್ಲಿ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ಮೇಷ್ಟ್ರ ಎದುರಿಗೆ ನಿಂತಳು.

“ಮೇಷ್ಟ್ರೇ, ಮಿಸ್ಸು ಕೇಳ್ತಾವ್ರೆ, ನೀವು ಯಾರ್ ಹತ್ರ ಕಲಿತಿದ್ದು ಅಂತ.”

“ನಮ್ ಮಾವನೋರ ಹತ್ರ,” ಎಂದರು ಮೇಷ್ಟ್ರು. “ಹೊಲ ಉಳ್ತಾ ಉಳ್ತಾ ಸ್ವರ ಹೇಳ್ಕೊಟ್ರು. ಎತ್ತು ತಿರುಗೋ ಕಡೆ ತಾಳ ಮುಗೀಬೇಕು.”

ಎಲ್ಲರೂ ನಕ್ಕರು. ಅಕ್ಕ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು, ಅವಳ ಹಿಂದೆ ಅಮ್ಮ. ಮೇಷ್ಟ್ರು ನನ್ನ ಕೈಯಿಂದ ಕಮಾನು ತೆಗೆದುಕೊಂಡು, ಅದರ ಬಿಗಿ ಸಡಿಲಿಸಿ, ಮೊಳೆಗೆ ನೇತುಹಾಕಲು ಗೋಡೆಯ ಕಡೆ ತಿರುಗಿದರು. ಮಿಸ್ ಪೆಟ್ಟಿಗೆಯ ಕೊಂಡಿ ಹಾಕುತ್ತ ಹೇಳಿದರು.

“ಸರ್, ಈ ಚಿಕ್ಕೋಳ ಕಮಾನಿನ ಕೈ ನನಗೂ ಇಲ್ಲ. ಇಂಥಾ ಕೈ ಹೇಳ್ಕೊಡೋಕೆ ನನಗೆ ಬರಲ್ಲ. ಇವಳನ್ನ ನೀವೇ ನೋಡ್ಕೊಳ್ಳಿ.”

ಮೇಷ್ಟ್ರು ಕಮಾನನ್ನು ಮೊಳೆಗೆ ಸಿಕ್ಕಿಸಿದರು. ಅದು ಓರೆಯಾಯಿತೆಂದು ಮತ್ತೆ ತೆಗೆದು ನೆಟ್ಟಗೆ ಹಾಕಿದರು. ಬೆನ್ನು ನಮ್ಮ ಕಡೆಗಿತ್ತು. ಮಿಸ್ ಮುಖ ಕೆಂಪಾಯಿತು. ಹಿರಿಯರಿಗೆ ತನ್ನ ಮಾತು ಅಧಿಕಪ್ರಸಂಗವೆನಿಸಿತೇನೋ ಎಂದುಕೊಂಡಿರಬೇಕು. ಅಪ್ಪ ನನ್ನನ್ನು ನೋಡಿದರು, ನಾನು ಅಪ್ಪನನ್ನು ನೋಡಿದೆ. ಎರಡು ಹೆಜ್ಜೆ ಮುಂದೆ ಹೋಗಿ, ಮೇಷ್ಟ್ರ ಎದುರಿಗೆ ನಿಂತು ಆ ಮಾತನ್ನು ಮತ್ತೆ ಹೇಳಿದ್ದರೆ ಸಾಕಿತ್ತು. ಅಮ್ಮ ಈಗತಾನೇ ಅದನ್ನು ಮಾಡಿ ತೋರಿಸಿ ಹೋಗಿದ್ದಳು. ಆದರೆ ನಾನು ಹೇಳಿದರೆ ಅವರಿಗೆ ಕೇಳಿಸಲಿಲ್ಲವೆಂದು ಮಿಸ್‌ಗೆ ಗೊತ್ತಾಗುತ್ತದೆ, ಅಪ್ಪನಿಗೂ ಖಾತ್ರಿಯಾಗುತ್ತದೆ, ಮೇಷ್ಟ್ರು ಇನ್ನು ಬರುವುದಿಲ್ಲ. ಹೀಗೆಲ್ಲ ಯೋಚಿಸಿದೆನೆಂದು ಈಗ ಬರೆಯುತ್ತಿದ್ದೇನೆ. ಒಂಬತ್ತು ವರ್ಷದ ಹುಡುಗಿ ಇಷ್ಟು ಅಚ್ಚುಕಟ್ಟಾಗಿ ಯೋಚಿಸುವುದಿಲ್ಲ. ಸುಮ್ಮನೆ ನಿಂತುಬಿಟ್ಟೆ, ಅಷ್ಟೇ ನಿಜ. ಆಗ ಮಗ್ಗಗಳು ಮತ್ತೆ ಶುರುವಾದವು. ಅಪ್ಪ ಹೋಗಿ ಹಿಡಿ ಮೇಲೆತ್ತಿದರೋ, ಕರೆಂಟ್ ಬಂತೋ, ಸದ್ದು ಬಂದು ನಮ್ಮೆಲ್ಲರನ್ನೂ ಮುಚ್ಚಿಕೊಂಡಿತು. ಮೇಷ್ಟ್ರು ಈ ಕಡೆ ತಿರುಗಿ ಎಲ್ಲರ ತುಟಿಗಳನ್ನು ನೋಡಿದರು. ಯಾರ ತುಟಿಯೂ ಆಡುತ್ತಿರಲಿಲ್ಲ.

ಮಿಸ್ಸನ್ನು ರೈಲಿಗೆ ಬಿಟ್ಟು ಬಂದು ಅಪ್ಪ ಹೇಳಿದ್ದು ಒಂದೇ ಮಾತು.

“ದೊಡ್ಡೋಳು ಮಿಸ್ ಹತ್ರ ಹೋಗ್ಲಿ. ಚಿಕ್ಕೋಳಿಗೆ ಮೇಷ್ಟ್ರೇ ಇರ್ಲಿ.”

ನಾನು ಗೆದ್ದೆ ಎಂದುಕೊಂಡೆ. ಆದರೆ ಮಂಗಳವಾರ ಬಂದ ಮೇಷ್ಟ್ರು ಬೇರೆಯೇ ಆಗಿದ್ದರು. ಅಕ್ಕನನ್ನು ಯಾಕೆ ಬಿಡಿಸಿದರೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಕಾಗದದ ಚೂರು ತೆಗೆಯಲಿಲ್ಲ. ನಾನು ನುಡಿಸಿದೆ, ಅವರ ಎರಡು ಬೆರಳು ಪಿಟೀಲಿನ ಬೆನ್ನಿನ ಮೇಲೆಯೇ ಇದ್ದವು, ಆದರೂ ಅವರು ನನ್ನ ಮುಖ ನೋಡಿ ಕೇಳಿದರು.

“ಸರಿ ಬಂತಾ ಪದ್ದಮ್ಮ?”

ಅದುವರೆಗೆ ಅವರು ಆ ಪ್ರಶ್ನೆ ಕೇಳಿದವರಲ್ಲ. ಸರಿಯೋ ತಪ್ಪೋ ಹೇಳುವವರು ಅವರು. ಆಮೇಲೆ ಪ್ರತಿ ಪಾಠದಲ್ಲೂ ಕೇಳತೊಡಗಿದರು. ನಾನು ಹೂಂ ಎಂದು ತಲೆದೂಗುತ್ತಿದ್ದೆ. ತಪ್ಪಿದಾಗಲೂ ಹೂಂ ಎಂದಿದ್ದೇನೆ. ಮಿಸ್ ಹೇಳಿದ್ದ ಆ ಒಂದು ವಾಕ್ಯ ನನ್ನ ಬಾಯಲ್ಲಿತ್ತು. ಅದನ್ನು ಹೇಳಿದ್ದರೆ ಆ ಪ್ರಶ್ನೆ ನಿಲ್ಲುತ್ತಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಮೊದಲು ಹೇಳಲು ಹೆದರಿಕೆ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದರೆ ಎಂಬ ಹೆದರಿಕೆ. ಒಂದು ವರ್ಷವಾದ ಮೇಲೆ ಅವರು ಅನುಗೊಂಡನಹಳ್ಳಿಯ ಹತ್ತಿರ ಮಗಳ ಮನೆಗೆ ಹೊರಟರು. ಹೋಗುವ ಮುಂಚೆ, ಕಮಾನಿಗೆ ತೀಡುವ ರಾಳದ ಡಬ್ಬಿಯನ್ನು ನನಗೆ ಕೊಟ್ಟರು. ಒಳಗೆ, ಮಡಿಸಿಟ್ಟ ಏಳೆಂಟು ಕಾಗದದ ಚೂರುಗಳಿದ್ದವು.

ನಾನು ಅವರನ್ನು ನೋಡಲು ಹೋದದ್ದು ಬಹಳ ವರ್ಷಗಳಾದ ಮೇಲೆ, ನನಗೇ ನಾಲ್ಕು ಜನ ಶಿಷ್ಯರಾದ ಮೇಲೆ. ಮಗಳ ಮನೆಯ ಜಗಲಿಯಲ್ಲಿ ಮೊಮ್ಮಗಳಿಗೆ ಅವರೆಕಾಯಿ ಸುಲಿದು ಕೊಡುತ್ತ, ಯಾವುದೋ ಕತೆ ಹೇಳುತ್ತ ಕೂತಿದ್ದರು. ಮೈ ಇಳಿದಿರಲಿಲ್ಲ, ನಗು ಹಾಗೆಯೇ ಇತ್ತು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಚಳಿ ಕಳೆಯಲಿ, ಆಪರೇಷನ್ ಮಾಡಿಸುತ್ತೇವೆ ಎಂದು ಮಗಳು ಹೇಳಿದಳು. ನಾನು ಕೈ ಹಿಡಿದ ಕೂಡಲೇ ಬೆರಳುಗಳ ತುದಿ ಸವರಿ ನೋಡಿ, “ಪದ್ದಮ್ಮ,” ಎಂದರು. “ಪಿಟೀಲು ತಂದಿದ್ದೀಯಾ?”

ತಂದಿರಲಿಲ್ಲ. ಬಸ್ಸಿನಲ್ಲಿ ಜನ ಹೆಚ್ಚೆಂದು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು, ತುಟಿಗಳನ್ನು ಚೆನ್ನಾಗಿ ಬಿಡಿಸಿ, ಮಿಸ್ ಆವತ್ತು ಹೇಳಿದ್ದನ್ನು ಹೇಳಿದೆ. ದನಿಯನ್ನೂ ಏರಿಸಿದೆ. ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು ನೋಡಿದಳು. ಮೇಷ್ಟ್ರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ ನಕ್ಕು, ಎರಡು ಸಲ ಮೆಲ್ಲಗೆ ತಲೆದೂಗಿದರು.

ಮಿಸ್ ಆ ಮಾತು ಹೇಳಿದ್ದೇ ಇಲ್ಲ ಎನ್ನುತ್ತಾಳೆ ಅಕ್ಕ. ಕೈ ಕೆಟ್ಟಿದೆ, ಮೊದಲಿನಿಂದ ತಿದ್ದಬೇಕು ಎಂದು ಹೇಳಿದ್ದರಂತೆ. ಅವಳು ಆಗ ಅಡುಗೆಮನೆಯಲ್ಲಿದ್ದಳು. ಕೇಳಿದ ಇನ್ನೊಬ್ಬರು ಅಪ್ಪ, ಅವರು ಈಗಿಲ್ಲ. ನಾನು ಆ ಮಾತನ್ನು ಕೇಳಿದ್ದೇನೆಂದು ನಂಬಿದ್ದೇನೆ, ತಡವಾಗಿಯಾದರೂ ಎದುರಿಗೆ ಹೋಗಿ ಹೇಳಿದ್ದೇನೆ. ಅದು ಮೇಷ್ಟ್ರಿಗೆ ಮುಟ್ಟಿತೋ ಇಲ್ಲವೋ, ನನಗೆ ಗೊತ್ತಿಲ್ಲ.